ಕಂಬಳಿ ಕೋಟೆಯ ಮೂವತ್ತೇಳು ತೋಳುಗಳು

ಲೋಲಾಕ್ಷಿಯ ಕಂಬಳಿಗೆ ನುಸಿ ಹಿಡಿಯದೆ ಇರುತ್ತಿದ್ದರೆ ತೀರ್ಥರಾಮ ಆ ಗುರುವಾರವೂ ಎಂದಿನಂತೆ ನಾಲ್ಕು ಬೈಗಳು ತಿಂದು ಸೈಕಲ್ ಹತ್ತಿ ಹೋಗುತ್ತಿದ್ದ.

ತೀರ್ಥರಾಮ ಸರಕಾರದ ದಾಕು ಹಾಕುವವ. ಸಿಡುಬು ಬಾರದಂತೆ ಜನರ ತೋಳಿಗೆ ಮದ್ದು ಗೀರುವುದು ಅವನ ಕೆಲಸ. ಅವನ ಸೈಕಲ್ಲಿನ ಗಂಟೆ ಕೇಳಿದರೆ ಬೆಳ್ಳಾರೆಯ ಸುತ್ತಿನ ಮನೆಗಳು ಮುಟ್ಟಿದ ಬಸವನಹುಳುವಿನಂತೆ ಒಳಕ್ಕೆ ಸೇದಿಕೊಳ್ಳುತ್ತಿದ್ದವು. ಒಲೆಯ ಮೇಲೆ ಅನ್ನ ಕುದಿಯುತ್ತಿರುತ್ತದೆ, ತೊಟ್ಟಿಲು ತೂಗುತ್ತಿರುತ್ತದೆ, ಮನೆಯಲ್ಲಿ ಮಾತ್ರ ಜನರಿರುವುದಿಲ್ಲ. ಇದು ಅವನಿಗೆ ಅಭ್ಯಾಸವಾಗಿತ್ತು. ಆದರೆ ೧೯೬೩ರ ಫೆಬ್ರವರಿಯ ಆ ಗುರುವಾರ ಅವನು ಹಾಗೆಯೇ ವಾಪಸು ಹೋಗುವಂತಿರಲಿಲ್ಲ.

ಹಿಂದಿನ ಭಾನುವಾರ ಸಂಜೆ ಪೇಟೆಯ ಹಿಂದಿನ ಓಣಿಯ ಚನಿಯಪ್ಪ ಕಾಸರಗೋಡಿನ ಕಡೆಯಿಂದ ಜ್ವರ ಹೊತ್ತುಕೊಂಡು ಬಂದಿದ್ದ. ಸೋಮವಾರ ಮಧ್ಯಾಹ್ನಕ್ಕೆ ತೀರಿಕೊಂಡ. ಮೈಯಲ್ಲಿ ಗುಳ್ಳೆ ಎದ್ದಿರಲಿಲ್ಲ; ಚರ್ಮದ ಕೆಳಗೆ ನೇರಳೆ ಬಣ್ಣದ ಕಲೆಗಳಷ್ಟೇ ಇದ್ದವು. ಯಾವುದೋ ವಿಷದ ಹುಳ ಮುಟ್ಟಿದೆ ಎಂದರು. ಓಣಿಯ ಹದಿನೇಳು ಮನೆಯವರೂ ಬಂದು ಹೆಣದ ಸುತ್ತ ಕೂತು ಅತ್ತರು. ಗುಳ್ಳೆ ಏಳುವಷ್ಟೂ ಪುರುಸೊತ್ತು ಕೊಡದೆ ಕೊಲ್ಲುವ ಒಂದು ಬಗೆಯ ಸಿಡುಬು ಇದೆಯೆಂದು ಪುತ್ತೂರಿನ ಡಾಕ್ಟರು ಹೇಳುವಾಗ ಮಂಗಳವಾರ ಸಂಜೆಯಾಗಿತ್ತು.

ಸೋಂಕು ತಗಲಿ ಮೂರು ನಾಲ್ಕು ದಿನಗಳೊಳಗೆ ದಾಕು ಹಾಕಿದರೆ ಮದ್ದು ರೋಗಕ್ಕಿಂತ ಮುಂಚೆ ಮೈ ಸೇರಿ ಕಾವಲು ನಿಲ್ಲುತ್ತದೆ. ಅದು ದಾಟಿದರೆ ಭರವಸೆಯಿಲ್ಲ. ಓಣಿಯ ಗಂಡಸರಿಗೆ ಪೋಕರ್ ಬ್ಯಾರಿಯ ಅಂಗಡಿಯ ಎದುರಿನಲ್ಲಿ, ಮಕ್ಕಳಿಗೆ ಶಾಲೆಯಲ್ಲಿ ಬುಧವಾರವೇ ದಾಕು ಆಗಿತ್ತು. ಉಳಿದವರು ಮೂವತ್ತೇಳು ಹೆಂಗಸರು. ಅವರಿಗೆ ಈ ಗುರುವಾರವೇ ಕೊನೆಯ ದಿನ. ಅವರಲ್ಲಿ ಚನಿಯಪ್ಪನ ಮಗಳು ಕುಮುದಿನಿಯೂ ಒಬ್ಬಳು. ಏಳು ತಿಂಗಳ ಬಸುರಿ. ಹೆರಿಗೆಗೆಂದು ತವರಿಗೆ ಬಂದವಳು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದಳು.

ಬಸುರಿಗೆ ಸಿಡುಬು ಬಂದರೆ ಏನಾಗುತ್ತದೆಂದು ತೀರ್ಥರಾಮ ಕಂಡಿದ್ದ. ಹಿಂದಿನ ವರ್ಷ ನೆಲ್ಯಾಡಿಯ ಹತ್ತಿರದ ಒಂದು ಮನೆಯಲ್ಲಿ ಲೈಸಾ ಎಂಬವಳು ಊರಲ್ಲಿಲ್ಲ ಎಂದದ್ದನ್ನು ನಂಬಿ ಪಟ್ಟಿಯಲ್ಲಿ ಹಾಗೆಯೇ ಬರೆದಿದ್ದ. ಆಗ ಅವಳು ಅಟ್ಟದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಳಂತೆ. ಹದಿನೈದು ದಿನಗಳ ಮೇಲೆ ಒಂದೇ ಗುಂಡಿಯಲ್ಲಿ ಇಬ್ಬರನ್ನು ಹೂತರು. ಅಂದಿನಿಂದ ಅವನು ಯಾರ ಮನೆಗೆ ಹೋದರೂ ಮೊದಲು ಅಟ್ಟ ನೋಡುತ್ತಿದ್ದ.

ಆ ಬೆಳಿಗ್ಗೆ ಮೊದಲ ಆರು ಮನೆಗಳಲ್ಲಿ ಹೆಂಗಸರೇ ಇರಲಿಲ್ಲ. ಏಳನೆಯದು ದರ್ಜಿ ಚೆನ್ನಪ್ಪನದು. ಚೆನ್ನಪ್ಪ ಜಗಲಿಯಲ್ಲಿ ನಿಂತು, ಹೆಂಡತಿ ಲೋಲಾಕ್ಷಿ ಹೊಲಿದ ರವಿಕೆ ಕೊಡಲು ಹೋಗಿದ್ದಾಳೆ, ಬರುವಾಗ ಕತ್ತಲಾಗುತ್ತದೆ ಎಂದ. ಮುಖ ಗಂಭೀರವಾಗಿತ್ತು. ಅಷ್ಟರಲ್ಲಿ ಚಾವಡಿಯಲ್ಲಿ ಕಂಬಳಿ ಮುಚ್ಚಿದ್ದ ಹೊಲಿಗೆ ಮಿಷನ್ನು ತಾನಾಗಿಯೇ ಗರಗರನೆ ತಿರುಗಿತು.

“ಅದು ಎಂತ?” ತೀರ್ಥರಾಮ ಕೇಳಿದ.

“ಗಾಳಿ,” ಎಂದ ಚೆನ್ನಪ್ಪ.

ತೀರ್ಥರಾಮ ಗಾಳಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಕಂಬಳಿಯೊಳಗೆ, ಮಿಷನ್ನಿನ ಕಾಲಡಿಯಲ್ಲಿ, ಬೆಕ್ಕಿನಂತೆ ಮುದುಡಿಕೊಂಡ ಲೋಲಾಕ್ಷಿ ಇದ್ದಳು. ಮೊಣಕಾಲು ಪೆಡಲಿಗೆ ತಾಗಿ ಗುಟ್ಟು ಬಯಲಾಗಿತ್ತು. ಅವನು ಕಂಬಳಿಗೆ ಒಂದು ಗಳಿಗೆ ಸಿಡುಬಿನ ವಿಷಯ ಹೇಳಿದ, ಚನಿಯಪ್ಪನ ವಿಷಯ ಹೇಳಿದ, ಕೈ ಮುಗಿದ. ಕೊನೆಗೆ ಒಳಗಿಂದ ಧ್ವನಿ ಬಂತು.

“ಪರಗಂಡಸಿನ ಎದುರು ರವಿಕೆ ತೋಳು ಮೇಲೆ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ. ನನ್ನ ಮುಖ ನೀವು ನೋಡುದು ಬೇಡ, ನಿಮ್ಮ ಸೂಜಿ ನಾನು ನೋಡುದು ಬೇಡ. ಬೇಕಾದ್ರೆ ಇದನ್ನು ತಕ್ಕೊಳ್ಳಿ.”

ನುಸಿ ತಿಂದು ಅಂಗೈಯಗಲ ಮಾಡಿದ್ದ ತೂತಿನಿಂದ ಒಂದು ಕೈ, ಬಿಲದಿಂದ ಕೇರೆಹಾವು ಬಂದ ಹಾಗೆ, ತೋಳಿನವರೆಗೆ ಹೊರಬಂತು. ತೀರ್ಥರಾಮ ಚರ್ಮದ ಮೇಲೆ ಒಂದು ಹನಿ ಮದ್ದಿಟ್ಟು, ತುದಿಯಲ್ಲಿ ಸಣ್ಣ ಹಲ್ಲುಗಳಿದ್ದ ತನ್ನ ದುಂಡು ಸೂಜಿಯನ್ನು ಅದರ ಮೇಲೆ ಒತ್ತಿ ತಿರುಗಿಸಿದ. ಅರ್ಧ ನಿಮಿಷದ ಕೆಲಸ. ಮೂವತ್ತೇಳರಲ್ಲಿ ಒಂದು ಆಯಿತು.

ಬಾಗಿಲಲ್ಲಿ ಯಾರೋ ನಕ್ಕರು. ದುಗ್ಗಜ್ಜಿ. ಓಣಿಯ ಹೆಚ್ಚಿನವರು ಈ ಲೋಕದಲ್ಲಿ ಮೊದಲು ಕಂಡದ್ದು ಸೂಲಗಿತ್ತಿ ದುಗ್ಗಮ್ಮನ ಮುಖವನ್ನೇ. ಆ ಮುಖವೋ ಸಿಡುಬಿನ ಕಲೆಗಳಿಂದ ಹೊಂಡ ಹೊಂಡವಾಗಿತ್ತು. ಎರಡು ಹೆಣ್ಣುಮಕ್ಕಳನ್ನು ಅದೇ ರೋಗಕ್ಕೆ ಕೊಟ್ಟು, ತಾನು ಬದುಕಿ ಉಳಿದವಳು. ಹೆಂಗಸರು ಗಂಡಂದಿರ ಮಾತು ಮೀರಿಯಾರು, ದುಗ್ಗಜ್ಜಿಯ ಮಾತು ಮೀರುತ್ತಿರಲಿಲ್ಲ.

“ಇವಳೊಬ್ಬಳಿಗೆ ಅಲ್ಲ ಮಗಾ, ಎಲ್ಲರಿಗೂ ಹೀಗೇ ಒಂದು ಮರೆ ಮಾಡು,” ಎಂದಳು. “ಕಳೆದ ವರ್ಷ ಓಟಿಗೆ ಮಾಡಿದ್ರಲ್ಲ, ಹಾಗೆ. ಮರೆ ಇದ್ರೆ ನಾನು ಕರ್ಕೊಂಡು ಬರ್ತೇನೆ. ಒಳಗೆ ನಾನು, ಹೊರಗೆ ನೀನು. ನೀನು ಇಣುಕಬಾರದು.”

ತೀರ್ಥರಾಮ ಅಲ್ಲಿಯೇ ಮಾತು ಕೊಟ್ಟ. ಮೂರು ವರ್ಷಗಳ ನೌಕರಿಯಲ್ಲಿ ಒಬ್ಬ ಹೆಂಗಸು ತಾನಾಗಿ ಅವನಿಗೆ ಸಹಾಯ ಮಾಡುತ್ತೇನೆಂದದ್ದು ಅದೇ ಮೊದಲು.

ಹೆಂಗಸರ ಮರೆಗೆ ಕಂಬಳಿಯ ಕೋಟೆ ಕಟ್ಟುವ ಸುದ್ದಿ ಓಣಿಯನ್ನು ಸುತ್ತಲು ಹತ್ತು ನಿಮಿಷ ಸಾಕಾಯಿತು. ದಾಕಿಗೆ ಬಾರದ ಓಣಿ ಕೋಟೆಗೆ ಬಂತು. ಪೋಕರ್ ಬ್ಯಾರಿ ಅಂಗಡಿಯಿಂದ ಹರಿದ ಗೋಣಿಗಳನ್ನು ಹೊತ್ತು ತಂದ. ಯಾರೋ ಬೆಂಚು ತಂದರು, ಯಾರೋ ಒನಕೆ, ಯಾರೋ ಕಡ್ಡಿ ಮುರಿದ ಎರಡು ಕೊಡೆ. ಬರ್ಮಾದ ಯುದ್ಧಕ್ಕೆ ಹೋಗಿ ಬಂದ ಹವಾಲ್ದಾರ್ ಮೇದಪ್ಪ ತನ್ನ ಪಟ್ಟಾಳದ ಕಂಬಳಿಯನ್ನು ತೋಳಿನ ಮೇಲೆ ಹಾಕಿಕೊಂಡು ಬಂದು, ಕೇಳದೆಯೇ ಮುಖಂಡತ್ವ ವಹಿಸಿಕೊಂಡ. ಚೀನಾದವರು ಬಂದಾಗ ನಮ್ಮವರು ಹೀಗೆ ಡೇರೆ ಹಾಕಿದ್ದರೆ ಹಿಮ್ಮೆಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು, ಚೆನ್ನಪ್ಪನ ಚಾವಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಗೀರಿದ.

ಮೇದಪ್ಪನ ಶಾಸ್ತ್ರದಲ್ಲಿ ಡೇರೆಗೆ ಮೇಲಿನಿಂದ ಎಳೆಯುವ ಹಗ್ಗ ಮುಖ್ಯ. ಮಾಡಿನ ಕೆಳಗೆ ಅಡ್ಡಬಿದಿರು ಒಂದಿತ್ತು. ಅದರಲ್ಲಿ ಲೋಲಾಕ್ಷಿ ಬಾಳೆನಾರಿನಿಂದ ಕಟ್ಟಿ ತೂಗಹಾಕಿದ್ದ ಇಪ್ಪತ್ತೆರಡು ಸೌತೆಕಾಯಿಗಳೂ ಇದ್ದವು. ಬಿದಿರು ಭಾರ ತಡೆಯಲಿಕ್ಕಿಲ್ಲ ಎಂದು ತೀರ್ಥರಾಮ ಹೇಳಿನೋಡಿದ. ಬರ್ಮಾದ ಬಿದಿರು ಆನೆಯನ್ನು ತಡೆಯುತ್ತದೆ ಎಂದ ಮೇದಪ್ಪ. ಇದು ಬೆಳ್ಳಾರೆಯ ಬಿದಿರು. ಹಗ್ಗ ಜಗ್ಗಿದ್ದೇ ತಡ, ಮೊದಲನೆಯ ಸೌತೆ ಮೇದಪ್ಪನ ನೆತ್ತಿಗೆ ಬಿತ್ತು, ಎರಡನೆಯದು ಚೆನ್ನಪ್ಪನ ಬೆನ್ನಿಗೆ. ಉಳಿದವು ಬಿದಿರಿನ ಸಮೇತ ಕೋಟೆಯ ಮೇಲೆ ಬಿದ್ದು, ಕೋಟೆ ತೀರ್ಥರಾಮನ ಮೇಲೆ ಬಿತ್ತು. ಕಂಬಳಿಗಳ ಅಡಿಯಿಂದ ಅವನನ್ನು ಎಳೆದು ತೆಗೆಯುವಾಗ ಒಂದು ಕೈ ಮದ್ದಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿತ್ತು. ಮದ್ದಿನ ನಳಿಗೆಗಳು ಒಡೆದಿರಲಿಲ್ಲ. ಹಣೆ ಒಡೆದಿತ್ತು.

ಗಂಟೆ ಹನ್ನೊಂದಾಯಿತು. ಪುತ್ತೂರಿನಿಂದ ಹೆಲ್ತ್ ಇನ್‌ಸ್ಪೆಕ್ಟರ್ ಮಾಥ್ಯೂ ಸಂಜೆಯ ಹೊತ್ತಿಗೆ ಜೀಪಿನಲ್ಲಿ ಬಂದು ಪಟ್ಟಿ ಪರೀಕ್ಷಿಸುವವನಿದ್ದ. ತೀರ್ಥರಾಮನಿಗೆ ಪಟ್ಟಿಗಿಂತಲೂ ಹೊತ್ತು ಇಳಿಯುವುದೇ ಭಯ. ಅವನು ಮೇದಪ್ಪನನ್ನು ಕಾವಲಿಗೆಂದು ಗೌರವದಿಂದ ಜಗಲಿಗೆ ಕಳುಹಿಸಿ, ತಾನೇ ಕೆಲಸಕ್ಕೆ ನಿಂತ. ಹಗ್ಗದ ಮಂಚವನ್ನು ನಿಲ್ಲಿಸಿ ಒಂದು ಗೋಡೆ ಮಾಡಿದ. ಹೊಲಿಗೆ ಮಿಷನ್ನನ್ನು ಬುಡದ ಭಾರಕ್ಕೆ ಇಟ್ಟ. ಒರಳುಗಳಲ್ಲಿ ಒನಕೆ ನಿಲ್ಲಿಸಿ ಕಂಬ ಮಾಡಿದ. ಮಾಡಿಗೆ ಗೋಣಿ, ಬದಿಗೆ ಪಟ್ಟಾಳದ ಕಂಬಳಿ. ಎದುರಿನ ಗೋಡೆಗೆ ಕೈ ಹೊರಹಾಕಲು ತೂತು ಬೇಕು; ತನ್ನ ಕಂಬಳಿ ಕತ್ತರಿಸಲು ಯಾರೂ ಒಪ್ಪಲಿಲ್ಲವಾದ್ದರಿಂದ ಲೋಲಾಕ್ಷಿಯ ನುಸಿ ತಿಂದ ಕಂಬಳಿಗೇ ಆ ಮಾನ ಸಂದಿತು. ಹಿಂಬದಿ ಅಡಿಗೆಕೋಣೆಯ ಬಾಗಿಲಿಗೆ ತೆರೆದಿತ್ತು. ಹೆಂಗಸರು ಹಿತ್ತಿಲಿನಿಂದ ಬಂದು ಹಿತ್ತಿಲಿಗೇ ಹೋಗಬಹುದು.

ದುಗ್ಗಜ್ಜಿ ಒಳಹೊಕ್ಕು, ಹೊರಗೆ ನಿಂತ ಚೆನ್ನಪ್ಪನಿಗೆ ತಾನು ಎಷ್ಟು ಬೆರಳು ಎತ್ತಿದ್ದೇನೆ ಹೇಳು ಎಂದಳು. ಚೆನ್ನಪ್ಪ ಮೂರು ಸಲ ತಪ್ಪು ಹೇಳಿದ. ಕೋಟೆ ಒಪ್ಪಿಗೆಯಾಯಿತು. ಆಮೇಲೆ ಅವಳು, ಇಷ್ಟು ಹೆಂಗಸರು ಸೇರುವ ಕಡೆ ಬೇಕಾಗುತ್ತದೆಂದು ಲೋಲಾಕ್ಷಿಯಿಂದ ಒಂದು ಹಂಡೆ ಬಿಸಿನೀರು ಒಳಗೆ ತರಿಸಿಕೊಂಡಳು. ಸೂಲಗಿತ್ತಿಯ ಅಭ್ಯಾಸ ಎಂದುಕೊಂಡ ತೀರ್ಥರಾಮ.

ಹನ್ನೆರಡರ ಹೊತ್ತಿಗೆ ಮೊದಲ ಕೈ ಬಂತು. ಆಮೇಲೆ ಕೈಗಳು ಬರುತ್ತಲೇ ಇದ್ದವು. ಕಪ್ಪು ಕೈ, ಗೋಧಿ ಬಣ್ಣದ ಕೈ, ಬತ್ತ ಕುಟ್ಟಿ ಗಟ್ಟಿಯಾದ ಕೈ. ಒಂದು ಕೈ ಅವನ ಗಲ್ಲಕ್ಕೆ ಬಲವಾಗಿ ಬಡಿದು, ಆಮೇಲೆ ಶರಣಾಯಿತು. ಶೀಲಾವತಿ ಎಂಬವಳ ಬಳೆಗಳು ತೂತಿನಲ್ಲಿ ಸಿಕ್ಕಿಕೊಂಡು, ಎಣ್ಣೆ ಹಚ್ಚಿ ಬಿಡಿಸಲು ಕಾಲು ಗಂಟೆ ಹಿಡಿಯಿತು. ಸೇವಂತಿ ಎಂಬವಳು ತಲೆತಿರುಗಿ ಬಿದ್ದು ಪಟ್ಟಾಳದ ಗೋಡೆ ಕುಸಿದಾಗ, ಹೊರಗಿದ್ದ ಗಂಡಸರೆಲ್ಲ ಮೇದಪ್ಪನ ಆಜ್ಞೆಯಂತೆ ಕಣ್ಣು ಮುಚ್ಚಿಕೊಂಡೇ ಅದನ್ನು ಎತ್ತಿ ನಿಲ್ಲಿಸಿದರು. ಆದ್ದರಿಂದ ಅದು ಓರೆಯಾಗಿ ನಿಂತಿತು.

ತೀರ್ಥರಾಮ ದಡ್ಡನಲ್ಲ. ಹೆದರುವವರ ಬದಲಿಗೆ ಧೈರ್ಯವಿದ್ದ ನಾಲ್ವರೇ ಸರದಿಯಲ್ಲಿ ಕೈ ಚಾಚಿಯಾರೆಂದು ಅವನಿಗೆ ಸಂಶಯ ಬಂದೇ ಬಂದಿತ್ತು. ಆದ್ದರಿಂದ ಓಟಿನಲ್ಲಿ ಮಾಡಿದಂತೆ ಪ್ರತಿಯೊಬ್ಬಳ ಉಗುರಿಗೂ ಶಾಯಿ ಹಚ್ಚಿದ. ಬಲಗೈ ಎಡಗೈ ಎರಡನ್ನೂ ನೋಡಿಯೇ ಬಿಟ್ಟ. ಯಾರೂ ಎರಡನೆಯ ಸಲ ಬರಲಿಲ್ಲ. ಮೋಸವೇ ಇಲ್ಲದ ಇಂಥ ಓಣಿಯನ್ನು ಅವನು ಕಂಡಿರಲಿಲ್ಲ.

ಒಂದು ಸಂಗತಿ ಮಾತ್ರ ಅವನಿಗೆ ವಿಚಿತ್ರವೆನಿಸಿತು. ಸೂಜಿ ತಾಗುವಾಗ ಸುಮ್ಮನಿದ್ದ ಹೆಂಗಸರು, ಕೈ ಒಳಗೆ ಹೋದ ಮೇಲೆ ಉಸ್ ಎನ್ನುತ್ತಿದ್ದರು. ಹೆದರಿಕೆಯಲ್ಲಿ ನೋವು ತಡವಾಗಿ ತಿಳಿಯುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ ಸಮಾಧಾನ ಮಾಡಿಕೊಂಡ. ಪ್ರತಿ ಕೈಗೂ ಅವನು ತಪ್ಪದೆ ಅದೇ ಪಾಠ ಹೇಳುತ್ತಿದ್ದ: ಗೀರಿದ ಜಾಗ ತಾನಾಗಿ ಒಣಗಬೇಕು, ಮುಟ್ಟಬಾರದು, ನಾಳೆಯವರೆಗೆ ನೀರು ಸೋಕಿಸಬಾರದು. ಪ್ರತಿ ಸಲವೂ ಕಂಬಳಿಯ ಆಚೆಯಿಂದ ದುಗ್ಗಜ್ಜಿಯ ಉತ್ತರ ಬರುತ್ತಿತ್ತು.

“ಆಯ್ತು ಮಗಾ. ನಾನು ನೋಡಿಕೊಳ್ತೇನೆ.”

ಕೊನೆಗೆ ಬಂದದ್ದು ಹಸಿರು ಬಳೆಗಳ ಒಂದು ಸಣ್ಣ ಕೈ. ಹೆಸರು ಕೇಳಬೇಕಾಗಿರಲಿಲ್ಲ. ತೀರ್ಥರಾಮ ಸೂಜಿಯನ್ನು ಎರಡು ಸಲ ಒರೆಸಿ, ಒಂದರ ಬದಲು ಎರಡು ಕಡೆ ಮದ್ದು ಗೀರಿದ. ಒಂದು ಹಿಡಿಯದಿದ್ದರೆ ಇನ್ನೊಂದು ಹಿಡಿಯಲಿ ಎಂದು. ಕೈ ಒಳಗೆ ಹೋಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

“ಹೊಟ್ಟೆಯಲ್ಲಿದ್ದದ್ದಕ್ಕೆ ಎಂತ ಆಗುದಿಲ್ಲಲ್ವಾ?” ಎಂದು ಕೇಳಿದಳು ಕುಮುದಿನಿ.

“ಇನ್ನು ಎಂತ ಆಗುದಿಲ್ಲ ತಂಗಿ,” ಎಂದ ತೀರ್ಥರಾಮ. ನೌಕರಿಗೆ ಸೇರಿದಂದಿನಿಂದ ಇಷ್ಟು ಖಚಿತವಾಗಿ ಅವನು ಯಾರಿಗೂ ಏನನ್ನೂ ಹೇಳಿರಲಿಲ್ಲ.

ನಾಲ್ಕೂವರೆಗೆ ಜೀಪು ಬಂತು. ಮಾಥ್ಯೂ ಕೆಟ್ಟವನಲ್ಲ, ಪಟ್ಟಿಗಳನ್ನು ನಂಬಿ ನಂಬಿ ಸೋತವನು. ಮೂವತ್ತೇಳಕ್ಕೆ ಮೂವತ್ತೇಳು ಎಂದಾಗ ಅವನು ನಗಲೂ ಇಲ್ಲ. ಎಲ್ಲರನ್ನೂ ಮತ್ತೆ ಕೋಟೆಗೆ ಕರೆಸಿ, ಒಂದೊಂದು ಕೈಯನ್ನೂ ತೂತಿನಿಂದ ಹೊರಗೆ ತರಿಸಿ, ಕನ್ನಡಕ ಏರಿಸಿ ನೋಡಿದ. ಗೀರು ಉಂಟು. ಶಾಯಿ ಉಂಟು. ಎಲ್ಲಿಯೂ ಮಸಿಯಿಲ್ಲ, ಸೆಗಣಿಯಿಲ್ಲ, ಬೆವರಿನ ಕೊಳೆಯಿಲ್ಲ. ಇಷ್ಟು ಚೊಕ್ಕವಾದ ತೋಳುಗಳನ್ನು ತಾನು ಆಸ್ಪತ್ರೆಯಲ್ಲಿಯೂ ಕಂಡಿಲ್ಲವೆಂದ. ಮಾಥ್ಯೂ ಕೋಟೆಯ ಸುತ್ತ ಒಂದು ಸುತ್ತು ಬಂದು, ಕೊಡೆಯಿಂದ ಅದರ ಉದ್ದಗಲ ಅಳೆದು ಡೈರಿಯಲ್ಲಿ ಬರೆದುಕೊಂಡ. ಪಟ್ಟಿಗೆ ರುಜು ಹಾಕಿದ. ನಾಳೆ ನೆಲ್ಯಾಡಿಯಲ್ಲೂ ಇದೇ ಕೋಟೆ ಆಗಬೇಕು, ಈ ಅಜ್ಜಿಯನ್ನು ತಪ್ಪದೆ ಕರ್ಕೊಂಡು ಬಾ ಎಂದು ತೀರ್ಥರಾಮನ ಬೆನ್ನು ತಟ್ಟಿದ. ಜೀಪಿನ ಡ್ರೈವರನಿಗೆ ಚಾ ಬೇಕಿತ್ತಾದ್ದರಿಂದ ಇಬ್ಬರೂ ಪೋಕರ್ ಬ್ಯಾರಿಯ ಅಂಗಡಿಯ ಕಡೆಗೆ ನಡೆದರು.

ತೀರ್ಥರಾಮ ಬೆಂಚಿನ ಮೇಲೆ ಕೂತ. ಹಣೆಯ ಗಾಯ ಆಗಷ್ಟೇ ನೋಯತೊಡಗಿತು; ಆ ನೋವೂ ಹಿತವಾಗಿತ್ತು. ದುಗ್ಗಜ್ಜಿ ಒಳಗಿಂದ ಬಂದು ಪಕ್ಕದಲ್ಲಿ ಕೂತು ಬೆರಳುಗಳನ್ನು ಸೆರಗಿನಿಂದ ಒರೆಸಿಕೊಂಡಳು. ತುದಿಗಳೆಲ್ಲ ನೆನೆದು ಬೆಳ್ಳಗಾಗಿ ಚರ್ಮ ಸುಲಿದಿತ್ತು. ಏನಾಯಿತೆಂದು ಕೇಳಿದ.

“ಆಗುದೆಂತ, ಲಿಂಬೆಹುಳಿ,” ಎಂದಳು. “ನೀನು ಮದ್ದು ಹಾಕಿ ಬಿಟ್ಟ ಕೂಡ್ಲೇ ನಾನು ಹಿಂಡಿದೆ. ನೆತ್ತರು ಬರುವಷ್ಟು ಹಿಂಡಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಮೇಲಿಂದ ಲಿಂಬೆ. ಬೆಳಿಗ್ಗೆ ಹಾಕಿಸಿಕೊಂಡ ಲೋಲಾಕ್ಷಿಯನ್ನೂ ಸೇರಿಸಿ ಒಬ್ಬಳನ್ನೂ ಬಿಡಲಿಲ್ಲ.”

ತೀರ್ಥರಾಮ ಅವಳ ಕಡೆಗೆ ತಿರುಗಿದ. “ಎಂತಕ್ಕೆ ಅಜ್ಜಿ?”

“ಎಂತಕ್ಕೆ ಅಂದ್ರೆ? ಮದ್ದು ಒಳಗೆ ಹೋಯ್ತಲ್ಲ, ಮೇಲೆ ನಿಂತ ವಿಷ ತೆಗೆಯುದು ಬೇಡ್ವಾ? ನನ್ನ ಮಗನಿಗೆ ದಾಕು ಹಾಕಿದಾಗ ಯಾರೂ ತೆಗೀಲಿಲ್ಲ. ಎಂಟನೇ ದಿನಕ್ಕೆ ತೋಳು ಹಣ್ಣಾಗಿ, ಕೀವು ತುಂಬಿ, ಜ್ವರ ಬಂದು ಮಗು ಸತ್ತೇ ಹೋಗ್ತಾನೆ ಅಂತ ಮಾಡಿದ್ದೆ. ಈ ಸಲ ನೋಡು, ಒಬ್ಬಳ ತೋಳೂ ಹಣ್ಣಾಗುದಿಲ್ಲ.”

ತೋಳು ಹಣ್ಣಾಗುವುದೇ ಮದ್ದು ಹಿಡಿದದ್ದಕ್ಕೆ ಗುರುತು. ಹಣ್ಣಾಗದ ತೋಳೆಂದರೆ ಕಾವಲಿಲ್ಲದ ಮೈ. ಅಜ್ಜಿಯ ಆ ಮಗ ಈಗ ಐವತ್ತರ ಗಟ್ಟಿ ಆಳು. ಅವನ ತೋಳು ಹಣ್ಣಾಗಿತ್ತು, ಅವನ ತಂಗಿಯರ ತೋಳಿಗೆ ದಾಕೇ ಬಿದ್ದಿರಲಿಲ್ಲ. ಇದನ್ನೆಲ್ಲ ಹೇಳುತ್ತ ಕೂರಲು ತೀರ್ಥರಾಮನಿಗೆ ಹೊತ್ತಿರಲಿಲ್ಲ. ಎದ್ದು ಓಡಿದ.

ಜೀಪು ಇನ್ನೂ ಅಂಗಡಿಯ ಎದುರೇ ಇತ್ತು. ಅವನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದ. ತನ್ನ ಪೆಟ್ಟಿಗೆಯ ಮದ್ದು ಮುಗಿದಿದೆ, ಜೀಪಿನಲ್ಲಿರುವ ಮದ್ದು ಕೊಟ್ಟರೆ ದೀಪ ಹಚ್ಚುವ ಮೊದಲು ಎಲ್ಲರಿಗೂ ಇನ್ನೊಮ್ಮೆ ಹಾಕುತ್ತೇನೆ ಎಂದ. ಮಾಥ್ಯೂ ಚಾ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ.

“ಕಂಬಳಿಯ ಆಚೆ ಆದದ್ದನ್ನು ನೀನು ಕಣ್ಣಿನಲ್ಲಿ ನೋಡಿದ್ದೀಯಾ?”

“ಇಲ್ಲ ಸರ್. ಇಣುಕುದಿಲ್ಲ ಅಂತ ಮಾತು ಕೊಟ್ಟಿದ್ದೆ.”

“ನಾನೂ ನೋಡಿಲ್ಲ. ನಾನು ನೋಡಿದ್ದು ಮೂವತ್ತೇಳು ಗೀರು.” ಅವನು ಜೀಪಿನ ಹಿಂಬದಿಯ ಪೆಟ್ಟಿಗೆಯನ್ನೊಮ್ಮೆ ನೋಡಿದ. “ಇದು ನೆಲ್ಯಾಡಿಯದ್ದು ಮಾರಾಯ. ಅಲ್ಲಿ ಒಬ್ಬರಿಗೂ ಆಗ್ಲಿಲ್ಲ. ಆದ ಊರಿಗೇ ಪು‌ನಃ ಕೊಟ್ಟರೆ ಆಗದವರಿಗೆ ನಾನು ಎಂತ ಕೊಡ್ಲಿ? ಮುಂದಿನದ್ದು ಬರುದು ಬುಧವಾರ.”

ಬುಧವಾರಕ್ಕೆ ಆರು ದಿನಗಳಿದ್ದವು. ಕೆಲವರಿಗಾದರೂ ಹಿಡಿದಿರಬಹುದು, ಎಂಟು ದಿನ ಕಾದು ನೋಡು ಎಂದು ಮಾಥ್ಯೂ ತುಸು ಮೆತ್ತಗೆ ಹೇಳಿ ಜೀಪು ಹತ್ತಿದ. ಧೂಳು ಎದ್ದು, ನಿಧಾನವಾಗಿ ತೀರ್ಥರಾಮನ ಮೇಲೆಯೇ ಕೂತಿತು.

ಅವನು ವಾಪಸು ನಡೆದು ಬಂದ. ಒಂದು ಆಸೆ ಮಾತ್ರ ಉಳಿದಿತ್ತು. ಅಪ್ಪ ಸತ್ತು ನಾಲ್ಕು ದಿನವೂ ಆಗದ ಹುಡುಗಿ, ಕೊನೆಗೆ ಬಂದವಳು, ಅಷ್ಟು ಹೊತ್ತಿಗೆ ಅಜ್ಜಿ ದಣಿದಿರಬೇಕು, ನೀರು ಮುಗಿದಿರಬೇಕು; ಅವಳ ತೋಳನ್ನಾದರೂ ತೊಳೆಯದೆ ಬಿಟ್ಟಿರಬಹುದು.

ಚಾವಡಿಯಲ್ಲಿ ಓಣಿಯವರು ಕೋಟೆ ಕಳಚುತ್ತಿದ್ದರು. ಮೇದಪ್ಪ ತನ್ನ ಕಂಬಳಿಗೆ ಎಣ್ಣೆ ತಾಗಿದೆಯೆಂದು ಶೀಲಾವತಿಯ ಗಂಡನ ಮೇಲೆ ರೇಗುತ್ತಿದ್ದ. ಪೋಕರ್ ಬ್ಯಾರಿಯ ಮಗ ಗೋಣಿ ಮಡಚುತ್ತಿದ್ದ. ದುಗ್ಗಜ್ಜಿ ಹಿತ್ತಿಲ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತೀರ್ಥರಾಮ ಅವಳೆದುರು ಕೂತ.

“ಅಜ್ಜಿ, ಕುಮುದಿನಿಯದ್ದು?”

“ಅವಳದ್ದು ಎರಡು ಸಲ ತೊಳೆದೆ ಮಗಾ,” ಎಂದಳು ದುಗ್ಗಜ್ಜಿ, ಅವನ ತಲೆ ನೇವರಿಸುತ್ತ. “ಬಸುರಿ ಅಲ್ವಾ. ನೀನು ಹೆದರಬೇಡ.” ಆಮೇಲೆ ಬುಟ್ಟಿಯನ್ನು ಅವನ ಕಡೆಗೆ ತುಸು ಓರೆ ಮಾಡಿ ತೋರಿಸಿದಳು. “ನಾಳೆಗೆ ಲಿಂಬೆ ಇಷ್ಟು ಸಾಕಾ, ಅಲ್ಲ ನೆಲ್ಯಾಡಿಯಲ್ಲಿ ಸಿಕ್ತದಾ?”